ಪ್ರೊಸೆಸರ್ ಬಿಸಿಯಾದರೆ ಮೊದಲು ಫ್ಯಾನನ್ನೇ ಬೈಯಬೇಡಿ

ಬೇಸಿಗೆ ಬಂತು ಅಂದ್ರೆ ಎಲ್ಲ ಕಡೆ ಒಂದೇ ಸಲಹೆ: "ಬಯೋಸ್‌ಗೆ ಹೋಗಿ ಸಿಪಿಯು ಫ್ಯಾನ್ ಫುಲ್ ಸ್ಪೀಡಿಗೆ ಇಟ್ಬಿಡಿ ಸಾರ್." (ಸಿಪಿಯು ಅಂದ್ರೆ ಪ್ರೊಸೆಸರೇ; ಬಯೋಸ್ ಅಂದ್ರೆ ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ.) ನನಗೆ ಇದು ಶುದ್ಧ ಸೋಮಾರಿ ಸಲಹೆ ಅನ್ಸುತ್ತೆ. ದಿನವಿಡೀ ಗುಂಯ್ ಅನ್ನೋ ಸದ್ದು ಗ್ಯಾರಂಟಿ, ಬಿಸಿ ಇಳಿಯೋದು ಮಾತ್ರ ಗ್ಯಾರಂಟಿ ಇಲ್ಲ.

ಮೊದಲು ಬಿಸಿ ಎಷ್ಟಿದೆ ಅಂತ ತೋರಿಸೋ ಎಚ್‌ಡಬ್ಲ್ಯುಇನ್ಫೋ ಸಾಫ್ಟ್‌ವೇರ್ ಹಾಕಿ ನೋಡಿ. ಭಾರದ ಕೆಲಸ ಕೊಟ್ಟ ಎರಡು-ಮೂರು ಸೆಕೆಂಡಿನಲ್ಲೇ 95 ಡಿಗ್ರಿ ದಾಟ್ತಿದೆಯಾ? ಕೆಲಸ ನಿಲ್ಲಿಸಿ, ಕರೆಂಟ್ ಆಫ್ ಮಾಡಿ, ತಕ್ಷಣ ಫ್ಯಾನ್ ಕೆಳಗೆ ಪ್ರೊಸೆಸರ್‌ನ ಬಿಸಿ ಹೀರೋ ಲೋಹದ ಭಾಗ, ಅಂದ್ರೆ ಹೀಟ್‌ಸಿಂಕ್‌ನ ಅಲ್ಯೂಮಿನಿಯಂ ಮುಟ್ಟಿ. ತಣ್ಣಗಿದ್ದರೆ ತಪ್ಪು ಫ್ಯಾನ್‌ದಲ್ಲ. ಬಿಸಿ ಅಲ್ಲಿಗೆ ತಲುಪ್ತಾನೇ ಇಲ್ಲ. ಇಂಟೆಲ್ ಡಬ್ಬದ ಜೊತೆ ಬರೋ ಕೂಲರ್‌ನ (ಹೀಟ್‌ಸಿಂಕ್, ಫ್ಯಾನ್ ಸೇರಿದ ಜೋಡಿ) ಬೋರ್ಡಿಗೆ ಒತ್ತಿ ಕೂರಿಸೋ ನಾಲ್ಕು ಪುಶ್‌ಪಿನ್‌ಗಳಲ್ಲಿ ಒಂದು ಸರಿಯಾಗಿ ಕೂತಿರಲ್ಲ, ಬಹಳಷ್ಟು ಸಲ ಇಷ್ಟೇ. ಮದರ್‌ಬೋರ್ಡ್ ಹಿಂದುಗಡೆ ನೋಡಿ: ಕಪ್ಪು ಪಿನ್ನು ಬಿಳಿ ಪ್ಲಾಸ್ಟಿಕ್ ಕಾಲುಗಳನ್ನು ಅಗಲಿಸಿಕೊಂಡು ಪೂರ್ತಿ ಹೊರಬಂದಿರಬೇಕು. ಒತ್ತುವಾಗ ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ, ಪ್ರತಿಯೊಂದಕ್ಕೂ 'ಟಕ್' ಅನ್ನೋ ಸದ್ದು ಕೇಳಬೇಕು.

ಕೂಲರ್ ಒಮ್ಮೆ ಎತ್ತಿದ ಮೇಲೆ ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಬಿಸಿ ದಾಟಿಸೋ ಹಳೇ ಪೇಸ್ಟ್ ಲೆಕ್ಕಕ್ಕಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಎಎಂಡಿಯ ಎಎಂ4 ಸಾಕೆಟ್‌ನ ರೈಜೆನ್ ಪ್ರೊಸೆಸರ್ ಇರೋರು ಹುಷಾರು: ಹತ್ತು ನಿಮಿಷ ಓಡಿಸಿ ಬೆಚ್ಚಗೆ ಮಾಡಿ, ಆಫ್ ಮಾಡಿ, ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಚಿ ಆಮೇಲೆ ಎತ್ತಿ. ನೇರ ಎಳೆದರೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತುಕೊಂಡು ಬರುತ್ತೆ, ಪಿನ್ನು ಬಾಗುತ್ತೆ.

ಇಷ್ಟಾದ ಮೇಲೆ ಫ್ಯಾನ್ ವಿಷಯ. ನಾಲ್ಕು ಪಿನ್ನಿನ ಫ್ಯಾನಿಗೆ 12 ವೋಲ್ಟ್ ಸದಾ ಹೋಗ್ತಿರುತ್ತೆ, ವೇಗ ಹೇಳೋದು ನಾಲ್ಕನೇ ತಂತಿ (ಇದೇ ಪಿಡಬ್ಲ್ಯುಎಂ). ಮೂರು ಪಿನ್ನಿನದಕ್ಕೆ ವೋಲ್ಟೇಜನ್ನೇ ಇಳಿಸಬೇಕು (ಇದು ಡಿಸಿ ಮೋಡ್). ಹಾಗಾಗಿ ಮೂರು ಪಿನ್ನಿನ ಫ್ಯಾನ್ ಹಾಕಿ ಬಯೋಸ್‌ನಲ್ಲಿ ಪಿಡಬ್ಲ್ಯುಎಂ ಅಂತ ಬಿಟ್ಟರೆ ಅದು ಸದಾ ಫುಲ್ ಸ್ಪೀಡ್. ಡಿಸಿ ಮೋಡ್‌ಗೆ ಬದಲಾಯಿಸಿ.

ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಅನ್ನೋ ಪಟ್ಟಿಯೇ ಫ್ಯಾನ್ ಕರ್ವ್. ಅದನ್ನು ಬರೆಯೋದು ನಿಮ್ಮ ಕೋಣೆ ನೋಡಿಕೊಂಡು. ಯೂಟ್ಯೂಬ್‌ನ ವಿದೇಶಿ ವಿಡಿಯೋಗಳ ಕೋಣೆ 21–22 ಡಿಗ್ರಿ. ಏಪ್ರಿಲ್‌ನಲ್ಲಿ ರಾಯಚೂರಿನ ಎಸಿ ಇಲ್ಲದ ಕೋಣೆ 37–38. ಆ ಹದಿನೈದು ಡಿಗ್ರಿ ಹೆಚ್ಚುಕಡಿಮೆ ಹಾಗೇ ಪ್ರೊಸೆಸರ್ ಮೇಲೆ ಕೂಡಿಕೊಳ್ಳುತ್ತೆ. ಅವರ ಕರ್ವ್ ಇಲ್ಲಿ ಹಾಕಿದರೆ ವರ್ಡ್ ತೆರೆದರೂ ಫ್ಯಾನ್ ಅರಚುತ್ತೆ. ಇಂಟೆಲ್‌ನ ಐ5-12400 ಪ್ರೊಸೆಸರ್, ಅದರದ್ದೇ ಕೂಲರ್ ಅಂತಿಟ್ಟುಕೊಳ್ಳಿ: 50 ಡಿಗ್ರಿವರೆಗೆ 30%, 65ಕ್ಕೆ 45%, 75ಕ್ಕೆ 65%, 85ಕ್ಕೆ 100%. ಇಲ್ಲಿಂದ ಶುರು ಮಾಡಿ ಕಿವಿಗೆ ಹೊಂದುವಂತೆ ತಿದ್ದಿಕೊಳ್ಳಿ. ಈ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳೋದು 100 ಡಿಗ್ರಿಗೆ, 80 ಕಂಡ ತಕ್ಷಣ ಎದೆ ಹೊಡೆದುಕೊಳ್ಳಬೇಕಿಲ್ಲ.

ಯಾರೂ ಮುಟ್ಟದ ಇನ್ನೊಂದು ಸೆಟ್ಟಿಂಗ್ ಇದೆ: ಸ್ಟೆಪ್ ಅಪ್, ಸ್ಟೆಪ್ ಡೌನ್ ಸಮಯ, ಅಂದ್ರೆ ಬಿಸಿ ಬದಲಾದ ಎಷ್ಟು ಹೊತ್ತಿಗೆ ಫ್ಯಾನ್ ವೇಗ ಏರಬೇಕು, ಇಳಿಯಬೇಕು ಅನ್ನೋದು. ಬ್ರೌಸರ್ ಟ್ಯಾಬ್ ತೆರೆದರೆ ಸಾಕು, ಒಂದು ಕ್ಷಣ 45ರಿಂದ 65ಕ್ಕೆ ಹಾರಿ ವಾಪಸ್ ಬರುತ್ತೆ. ಫ್ಯಾನ್ ಅದರ ಹಿಂದೆ ಓಡಿದರೆ ವ್ರೂಂ-ವ್ರೂಂ ತಪ್ಪಿದ್ದಲ್ಲ. ಏರಲು 3–4 ಸೆಕೆಂಡ್ ತಡ ಇಡಿ, ಇಳಿಯಲು ಅದಕ್ಕಿಂತ ಜಾಸ್ತಿ.

ಇಷ್ಟು ಮಾಡಿಯೂ 95 ಮುಟ್ಟಿದರೆ ಬಯೋಸ್‌ನಲ್ಲಿ ಪವರ್ ಲಿಮಿಟ್, ಅಂದ್ರೆ ಪ್ರೊಸೆಸರ್ ಎಳೆಯಬಹುದಾದ ವಿದ್ಯುತ್ತಿನ ಮಿತಿ ನೋಡಿ. 12400ರ ಮೂಲ ಮಿತಿ 65 ವ್ಯಾಟ್, ಗರಿಷ್ಠ 117. ಎಷ್ಟೋ ಬೋರ್ಡುಗಳು ಈ ಮಿತಿಯನ್ನೇ ತೆಗೆದುಹಾಕಿರುತ್ತವೆ. ದೀರ್ಘಕಾಲದ ಮಿತಿಯಾದ ಪಿಎಲ್1 ಅನ್ನು 65ಕ್ಕೆ ಇಡಿ. ಟ್ಯಾಲಿ, ಡಿಟಿಪಿ, ಬ್ರೌಸಿಂಗ್‌ನಲ್ಲಿ ಗೊತ್ತೂ ಆಗಲ್ಲ. ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡೋರಿಗೆ ಮಾತ್ರ ಸ್ವಲ್ಪ ನಿಧಾನ.

ಲಿನಕ್ಸ್‌ನವರಿಗೆ ಬಿಸಿ ಓದೋ ಎಲ್‌ಎಂ-ಸೆನ್ಸರ್ಸ್ ಜೊತೆ ಫ್ಯಾನ್ ವೇಗ ಹೊಂದಿಸೋ ಫ್ಯಾನ್‌ಕಂಟ್ರೋಲ್ ಸಾಕು. ಆದರೂ ಬಯೋಸ್‌ನಲ್ಲೇ ಮಾಡೋದು ವಾಸಿ, ಲಿನಕ್ಸ್ ಆಗಲಿ ವಿಂಡೋಸ್ ಆಗಲಿ ಹಾಳಾದರೂ ಕರ್ವ್ ಉಳಿಯುತ್ತೆ.

ಇನ್ನು ರೈಜೆನ್ 7600ಎಕ್ಸ್, 7700ಎಕ್ಸ್ ತಗೊಂಡು 95 ಡಿಗ್ರಿ ನೋಡಿ ಗಾಬರಿಯಾಗಿರೋರಿಗೆ: ಎಎಂಡಿ ಅದನ್ನು ಮಾಡಿರೋದೇ ಹಾಗೆ, ಭಾರ ಬಿದ್ದಾಗ 95ರವರೆಗೆ ಏರಿ ಅಲ್ಲೇ ನಿಲ್ಲೋಕೆ. ಫ್ಯಾನ್ ಹೆಚ್ಚಿಸಿದರೆ ಅದು ವೇಗ ಹೆಚ್ಚಿಸಿಕೊಂಡು ಮತ್ತೆ 95ಕ್ಕೇ ಬರುತ್ತೆ. ಬೇಡ ಅಂದ್ರೆ ಬಯೋಸ್‌ನಲ್ಲಿ ವಿದ್ಯುತ್ ಮಿತಿ ಇಳಿಸೋ 65 ವ್ಯಾಟ್ ಎಕೋ ಮೋಡ್ ಹಾಕಿ.