‘ಸೈಮನ್ಸ್ ಕ್ವೆಸ್ಟ್’ ಇವತ್ತಿಗೂ ಆಡಬೇಕಾದ ಆಟವೇ?

ಪರ: ಕತ್ತಲಾಗುವ ಲೋಕ

ಜಪಾನಿನ ವಿಡಿಯೊ ಗೇಮ್ ಕಂಪನಿ ಕೊನಾಮಿ ಎಂದರೆ ನಮ್ಮ ಕಡೆ ‘ಕಾಂಟ್ರಾ’. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ವಿಡಿಯೊ ಗೇಮ್ ಇದ್ದ ಮನೆಗಳ ಮಕ್ಕಳಿಗೆ ಆ ಕ್ಯಾಸೆಟ್ ಚೆನ್ನಾಗಿ ಗೊತ್ತು. ಅದೇ ಕಂಪನಿ 1986ರಲ್ಲಿ ಜಪಾನಿನಲ್ಲಿ ಇನ್ನೊಂದು ಆಟ ತಂದಿತ್ತು. ಚಾಟಿ ಹಿಡಿದ ಸೈಮನ್ ಬೆಲ್ಮಾಂಟ್ ಡ್ರಾಕುಲಾನ ಕೋಟೆಗೆ ನುಗ್ಗಿ, ಹಂತ ಹಂತವಾಗಿ ಮೇಲೇರಿ ಅವನನ್ನು ಕೊಲ್ಲುವ ಆಟ, ‘ಕ್ಯಾಸಲ್‌ವೇನಿಯಾ’. ಮರುವರ್ಷವೇ ಅದರ ಎರಡನೆಯ ಭಾಗ ಬಂತು. 1988ರ ಕೊನೆಗೆ ಅಮೆರಿಕಕ್ಕೂ ಹೋದ ಆ ‘ಸೈಮನ್ಸ್ ಕ್ವೆಸ್ಟ್’ ಇವತ್ತು ಜನರ ಬಾಯಲ್ಲಿ ಉಳಿದಿರುವುದು ಹೆಚ್ಚಾಗಿ ಗೇಲಿಯ ವಸ್ತುವಾಗಿ. ಜೇಮ್ಸ್ ರಾಲ್ಫ್ 2004ರಲ್ಲಿ ಸಿಟ್ಟಿನ ಆಟಗಾರನ ವೇಷದಲ್ಲಿ ಮಾಡಿದ ಮೊದಲ ವಿಡಿಯೊ ಇದೇ ಆಟದ ಮೇಲಿತ್ತು. ಎರಡು ವರ್ಷದ ನಂತರ ಅದು ಯೂಟ್ಯೂಬಿಗೆ ಬಂದದ್ದೇ ತಡ, ಆಟವನ್ನು ಮುಟ್ಟಿ ನೋಡದವರೂ ನಗುವುದನ್ನು ಕಲಿತರು.

ನಗುವವರು ಎತ್ತುವ ತಪ್ಪುಗಳು ಆಟದಲ್ಲಿ ಇವೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರ ಕಥೆಯನ್ನು ಒಮ್ಮೆ ನೋಡಿ. ಮೊದಲ ಆಟದಲ್ಲಿ ಗೆದ್ದ ಸೈಮನ್ ಇಲ್ಲಿ ಸಾಯುತ್ತಿದ್ದಾನೆ. ಡ್ರಾಕುಲಾ ಸಾಯುವ ಮುಂಚೆ ಅವನಿಗೆ ಶಾಪ ಹಾಕಿ ಹೋಗಿದ್ದಾನೆ. ಬದುಕಬೇಕಾದರೆ ಐದು ಮಹಲುಗಳಲ್ಲಿ ಚದುರಿರುವ ಶತ್ರುವಿನ ಅವಶೇಷಗಳನ್ನು, ಅಂದರೆ ಪಕ್ಕೆಲುಬು, ಹೃದಯ, ಕಣ್ಣುಗುಡ್ಡೆ, ಉಗುರು ಮತ್ತು ಉಂಗುರವನ್ನು ಒಟ್ಟುಮಾಡಿ, ಅವನನ್ನು ಮತ್ತೆ ಎಬ್ಬಿಸಿ ಕೊಲ್ಲಬೇಕು. ರಾಜಕುಮಾರಿಯನ್ನು ಬಿಡಿಸಿ ತರುವ ಕಥೆಗಳೇ ತುಂಬಿದ್ದ ಕಾಲದಲ್ಲಿ ಕೊಲ್ಲಬೇಕಾದವನ ಮೂಳೆಯನ್ನು ಚೀಲದಲ್ಲಿ ಹೊತ್ತು ನಡೆಯುವ ನಾಯಕನನ್ನು ಮಕ್ಕಳ ಕೈಗೆ ಕೊಟ್ಟರು. ಆ ಪಕ್ಕೆಲುಬೇ ಅವನಿಗೆ ಗುರಾಣಿ. ಹೃದಯವನ್ನು ತೋರಿಸಿದರೆ ಮಾತ್ರ ದೋಣಿಯವನು ಬೇರೆ ದಡಕ್ಕೆ ಒಯ್ಯುತ್ತಾನೆ. 1988ರಲ್ಲಿ ‘ನಿಂಟೆಂಡೊ ಪವರ್’ ಪತ್ರಿಕೆಯ ಎರಡನೆಯ ಸಂಚಿಕೆ ಡ್ರಾಕುಲಾನ ರುಂಡ ಹಿಡಿದ ಸೈಮನ್‌ನನ್ನು ಮುಖಪುಟಕ್ಕೆ ಹಾಕಿದಾಗ ಮಕ್ಕಳು ಹೆದರುತ್ತಾರೆಂದು ತಂದೆತಾಯಿಗಳು ದೂರಿದರು. ಆ ದೂರಿನಲ್ಲಿ ಈ ಆಟದ ಸ್ವಭಾವದ ಬಗ್ಗೆ ನಿಜವಾದ ತಿಳಿವಳಿಕೆ ಇತ್ತು.

ಇನ್ನು ರಾತ್ರಿ. ಹೊರಗೆ ನಡೆಯುತ್ತಿರುವಾಗ ಆಟ ತಟ್ಟನೆ ನಿಂತು, ಶಾಪಕ್ಕೆ ಎಂಥ ಭಯಾನಕ ರಾತ್ರಿ ಇದು ಎನ್ನುವ ಸಾಲು ಒಂದೊಂದೇ ಅಕ್ಷರವಾಗಿ ತೆರೆಯ ಮೇಲೆ ಮೂಡುತ್ತದೆ. ಎಲ್ಲಕ್ಕಿಂತ ಹೆಚ್ಚು ನಗೆಗೀಡಾದ ಸಾಲು ಇದೇ. ಅದು ಮರೆಯಾದ ಮೇಲೆ ಬಣ್ಣ ಬದಲಾಗುತ್ತದೆ, ಸಂಗೀತ ಬದಲಾಗುತ್ತದೆ, ಎರಡೇಟಿಗೆ ಬೀಳುತ್ತಿದ್ದ ಪಿಶಾಚಿಗೆ ನಾಲ್ಕೇಟು ಬೇಕಾಗುತ್ತದೆ. ಊರಿಗೆ ಓಡಿದರೆ ಬಾಗಿಲುಗಳೆಲ್ಲ ಮುಚ್ಚಿವೆ, ಹಗಲು ಜನ ನಿಂತು ಮಾತಾಡುತ್ತಿದ್ದ ಬೀದಿಯಲ್ಲೇ ಹೆಣಗಳು ಓಡಾಡುತ್ತಿವೆ. ಅಂಗಡಿ ಇಲ್ಲ, ಆಸರೆ ಇಲ್ಲ. ಬೆಳಗಾಗುವವರೆಗೆ ಹೊಡೆದಾಡುತ್ತ ಕಾಯಬೇಕು. ಹಾಗೆಂದು ರಾತ್ರಿ ಬರೀ ನಷ್ಟವೂ ಅಲ್ಲ, ಶತ್ರುಗಳು ಬಿಡುವ ಹಾರ್ಟ್‌ಗಳು ಆಗಲೇ ಹೆಚ್ಚು. ಹಾರ್ಟ್ ಎಂದರೆ ಇಲ್ಲಿ ದುಡ್ಡು. ಹೊಸ ಚಾಟಿ ಬೇಕೆನ್ನುವ ಆಸೆಗೆ ಆಟಗಾರ ತಾನಾಗಿಯೇ ಕತ್ತಲಲ್ಲಿ ನಿಲ್ಲುತ್ತಾನೆ. ಆ ಕಾಲದ ಕ್ಯಾಸೆಟ್‌ನಲ್ಲಿ ಆಸೆಯನ್ನೂ ಹೆದರಿಕೆಯನ್ನೂ ಹೀಗೆ ಒಂದೇ ಗಂಟು ಹಾಕಿದ ಬೇರೆ ಆಟ ನನಗೆ ನೆನಪಾಗುತ್ತಿಲ್ಲ.

ಊರಿನ ಜನರ ಮಾತು ಅರ್ಥವಾಗುವುದಿಲ್ಲ ಎಂಬುದು ದೊಡ್ಡ ಆರೋಪ. ಇಂಗ್ಲಿಷಿಗೆ ತಂದವರು ಕೆಡಿಸಿದ್ದು ಎಷ್ಟೋ ಇದೆ, ನಿಜ. ಆದರೆ ಜಪಾನಿ ಮೂಲದಲ್ಲೂ ಕೆಲವರು ಬೇಕೆಂದೇ ಸುಳ್ಳು ಹೇಳುತ್ತಾರೆ. ಶಾಪ ಹೊತ್ತವನೊಬ್ಬ, ಪಿಶಾಚಿಯ ಮೂಳೆ ಹುಡುಕುತ್ತ ಮನೆ ಬಾಗಿಲಿಗೆ ಬಂದರೆ ಆ ಜನ ಇನ್ನು ಹೇಗೆ ನಡೆದುಕೊಂಡಾರು? ಜನರ ಮನಸ್ಸು ಕೆಡಿಸಿದ್ದೀಯ, ನಮ್ಮ ಊರು ಬಿಟ್ಟು ತೊಲಗು ಎಂದು ಒಬ್ಬ ಮುಖಕ್ಕೆ ಹೊಡೆದಂತೆ ಹೇಳುತ್ತಾನೆ. ಸೈಮನ್ ಅವರನ್ನು ಕಾಪಾಡಿದವನು. ಆದರೂ ಅವನು ಅವರಿಗೆ ಬೇಡವಾದವನು. ಈ ಒಂಟಿತನ ಮೊದಲ ಆಟದಲ್ಲಿ ಇರಲಿಲ್ಲ, ಮೂರನೆಯದರಲ್ಲಿ ಜೊತೆಗಾರರೇ ಬಂದುಬಿಟ್ಟರು.

ಕೊನೆಯ ಕೋಟೆಗೆ ಬರುತ್ತೇನೆ. ಅದು ಖಾಲಿ. ಒಂದೇ ಒಂದು ಬಾವಲಿಯೂ ಇಲ್ಲ. ಅವಸರದಲ್ಲಿ ಮುಗಿಸಿದ್ದಾರೆ ಎನ್ನುವವರಿದ್ದಾರೆ. ಆಟ ಉದ್ದಕ್ಕೂ ಚಾಟಿ ಬೀಸುತ್ತ ಬಂದವನಿಗೆ ಬೀಸಲು ಏನೂ ಇಲ್ಲದ ಆ ಇಳಿಜಾರಿನಲ್ಲಿ ನನ್ನ ಬೆರಳು ಇವತ್ತಿಗೂ ಗುಂಡಿಯ ಮೇಲೆ ಬಿಗಿಯುತ್ತದೆ. ಮನೆಯೊಡೆಯ ಸತ್ತಿದ್ದಾನೆ, ಅವನನ್ನು ಹೊತ್ತು ತಂದವನು ನಾನೇ. ಅಲ್ಲಿ ಬೇರೆ ಯಾರು ಇರಬೇಕಿತ್ತು?

ಕೆಂಜಿ ಎಂದೋ ಕೆನಿಚಿ ಎಂದೋ ಹೆಸರು ಮರೆತವರೂ ಗುನುಗುವ ‘ಬ್ಲಡಿ ಟಿಯರ್ಸ್’ ರಾಗ ಹುಟ್ಟಿದ್ದು ಇಲ್ಲಿ, ಕೆನಿಚಿ ಮಾತ್ಸುಬಾರಾ ಅವರ ಕೈಯಲ್ಲಿ. 1991ರ ‘ಸೂಪರ್ ಕ್ಯಾಸಲ್‌ವೇನಿಯಾ 4’ರಿಂದ ಹಿಡಿದು ಸರಣಿ ಅದನ್ನು ಮತ್ತೆ ಮತ್ತೆ ನುಡಿಸಿದೆ. ರಾಗವನ್ನು ಇಟ್ಟುಕೊಂಡು ಅದು ಹುಟ್ಟಿದ ಮನೆಯನ್ನು ಹೀಯಾಳಿಸುವುದು ನನಗೆ ನೋವಿನ ಸಂಗತಿ.

ವಿರೋಧ: ಬಿಡಿಸಲಾಗದ ಒಗಟು

ರಾತ್ರಿಯ ಬಗ್ಗೆ, ರಾಗದ ಬಗ್ಗೆ ನನ್ನ ತಕರಾರಿಲ್ಲ. ಅವು ಚೆನ್ನಾಗಿವೆ. ಪ್ರಶ್ನೆ ಇರುವುದು ಆಡುವುದರ ಬಗ್ಗೆ, ಆದ್ದರಿಂದ ಡೆಬೊರಾ ಬಂಡೆಯ ಬಳಿಗೆ ಹೋಗೋಣ.

ನಾಲ್ಕನೆಯ ಮಹಲಿಗೆ ಹೋಗುವ ದಾರಿ ಆ ಬಂಡೆಯ ಎದುರು ಮುಗಿದುಹೋಗುತ್ತದೆ. ಮುಂದೆ ಹೋಗಬೇಕಾದರೆ ಕೆಂಪು ಹರಳನ್ನು ಆರಿಸಿಕೊಂಡು, ಬಂಡೆಯ ಹತ್ತಿರ ಮಂಡಿಯೂರಿ, ಕೆಲವು ಕ್ಷಣ ಅಲ್ಲಾಡದೆ ಕೂರಬೇಕು. ಆಗ ಸುಂಟರಗಾಳಿ ಬಂದು ಹೊತ್ತೊಯ್ಯುತ್ತದೆ. ಊರಿನವನೊಬ್ಬನ ಸಲಹೆ, ಬಂಡೆಗೆ ತಲೆಯಿಂದ ಹೊಡೆದು ತೂತು ಮಾಡು ಎಂದು. ಕೆಂಪು ಹರಳಿನ ಸುಳಿವು ಬೇರೊಂದು ಕಡೆ ಅಡಗಿಸಿಟ್ಟ ಪುಸ್ತಕದಲ್ಲಿದೆ. ಆದರೆ ಅದೂ ಹೇಳುವುದು ಆತ್ಮವೊಂದಕ್ಕಾಗಿ ಕಾಯಬೇಕೆಂದು. ಮಂಡಿಯೂರು ಎಂಬ ಮಾತು ಅದರಲ್ಲಿಲ್ಲ, ಬರುವುದು ಗಾಳಿ ಎಂಬ ಮಾತೂ ಇಲ್ಲ. ಒಗಟು ಕಷ್ಟವಾಗಿರಬಹುದು. ಬಿಡಿಸಿದ ಮೇಲೆ, ಹೌದಲ್ಲ, ನನಗೆ ಹೊಳೆಯಬಹುದಿತ್ತು ಎನಿಸಬೇಕು. ಇಲ್ಲಿ ಉತ್ತರ ತಿಳಿದ ಮೇಲೂ ಹಾಗೆ ಅನಿಸುವುದಿಲ್ಲ. ದಾರಿ ಗೊತ್ತಾಗುತ್ತಿದ್ದದ್ದು ಪತ್ರಿಕೆ ಕೊಂಡವರಿಗೆ, ಇಲ್ಲವೇ ಗೊತ್ತಿದ್ದ ಗೆಳೆಯ ಸಿಕ್ಕವರಿಗೆ.

ಊರಿನವರು ಬೇಕೆಂದೇ ಸುಳ್ಳು ಹೇಳುತ್ತಾರೆ ಎಂಬ ಸಮರ್ಥನೆಯನ್ನು ನಾನು ಒಪ್ಪಲಾರೆ. ಸುಳ್ಳು ಕೆಲಸ ಮಾಡಬೇಕಾದರೆ ನಿಜವನ್ನು ಗುರುತಿಸುವ ದಾರಿಯೊಂದು ಇರಬೇಕು. ಸುಳ್ಳುಗಾರನಿಗೂ ಸತ್ಯವಂತನಿಗೂ ಇಲ್ಲಿ ಒಂದೇ ಚಿತ್ರ, ಒಂದೇ ಧಾಟಿ. ಪಾತ್ರದ ಸುಳ್ಳು ಯಾವುದು, ಅನುವಾದದ ಎಡವಟ್ಟು ಯಾವುದು ಎಂದು ಇಂಗ್ಲಿಷಿನಲ್ಲಿ ಆಡಿದ ಹುಡುಗನಿಗೆ ತಿಳಿಯುವ ಬಗೆಯೇ ಇಲ್ಲ. ಹಾಗಾಗಿ ಅವನು ಬೇಗನೆ ಎಲ್ಲರ ಮಾತನ್ನೂ ಕೇಳುವುದನ್ನು ಬಿಡುತ್ತಾನೆ. ಅಲ್ಲಿಗೆ ಅಪನಂಬಿಕೆಯ ವಾತಾವರಣವೂ ಮುಗಿಯಿತು, ಉಳಿಯುವುದು ಬೇಸರ.

ಮಹಲುಗಳಲ್ಲೂ ಇದೇ ಕಥೆ. ನೋಡಲು ಗಟ್ಟಿಯಾಗಿರುವ ನೆಲ ಕಾಲಿಟ್ಟರೆ ಇಲ್ಲ. ಪವಿತ್ರ ಜಲದ ಸೀಸೆ ಎಸೆದು ಪರೀಕ್ಷಿಸುತ್ತ ಹೆಜ್ಜೆ ಹೆಜ್ಜೆಗೂ ನಿಲ್ಲಬೇಕು. ಎಲ್ಲ ಜೀವ ಕಳೆದುಕೊಂಡರೆ ಅದೇ ಜಾಗದಿಂದ ಮುಂದುವರಿಯಬಹುದು, ಆದರೆ ಕೂಡಿಟ್ಟ ಹಾರ್ಟ್‌ಗಳೆಲ್ಲ ಹೋಗಿರುತ್ತವೆ. ಮತ್ತೆ ಅದೇ ಅಸ್ಥಿಪಂಜರಗಳನ್ನು ಹೊಡೆಯುತ್ತ ಕೂಡಿಸಬೇಕು. ಇದರಲ್ಲಿ ಹೆದರಿಕೆಯಿಲ್ಲ, ದುಡಿಮೆಯಿದೆ.

ಇಷ್ಟು ದುಡಿದವನಿಗೆ ಎದುರಾಳಿ ಎಂಥವನು? ಮೊದಲ ಆಟದಲ್ಲಿ ಬೆವರಿಳಿಸಿದ ಮೃತ್ಯು ಇಲ್ಲಿ ಪಕ್ಕದಲ್ಲಿ ದಾಟಿಹೋದರೂ ಬಿಟ್ಟುಬಿಡುತ್ತದೆ. ಐದು ಮಹಲುಗಳಲ್ಲಿ ಮೂರಕ್ಕೆ ಬಾಸ್, ಅಂದರೆ ಕಾವಲಿನ ದೊಡ್ಡ ಶತ್ರು ಕೂಡ ಇಲ್ಲ. ಕೊನೆಯಲ್ಲಿ ಎಬ್ಬಿಸಿದ ಡ್ರಾಕುಲಾನ ಮೇಲೆ ಚಿನ್ನದ ಚಾಕುವನ್ನು ಬಿಡದೆ ಎಸೆಯುತ್ತಿದ್ದರೆ ಅವನು ಅಲುಗಾಡದೆ ನಿಂತಲ್ಲೇ ಸಾಯುತ್ತಾನೆ. ಖಾಲಿ ಕೋಟೆಯ ಮೌನ ಯಾವುದಕ್ಕಾದರೂ ಮುನ್ನುಡಿಯಾಗಿದ್ದರೆ ಆ ವಾದವನ್ನು ನಾನೂ ಎತ್ತಿಹಿಡಿಯುತ್ತಿದ್ದೆ. ಮೌನದ ಆಚೆಗೂ ಏನೂ ಇಲ್ಲದಿದ್ದಾಗ ಅದನ್ನು ಕಲೆಯೆಂದು ಓದುವ ಕಷ್ಟವನ್ನು ಆಟಗಾರನೇ ಪಡಬೇಕಾಗುತ್ತದೆ.

ಇದೇ ಸರಣಿಯ 1997ರ ಆಟ ‘ಸಿಂಫನಿ ಆಫ್ ದಿ ನೈಟ್’ ಹುಟ್ಟಿದ್ದು ಇದರಿಂದಲೇ ಎಂದು ಪ್ರೀತಿಯಿಂದ ಹೇಳುವವರೂ ಇದ್ದಾರೆ. ಆ ಆಟದ ಹಿಂದಿದ್ದ ಕೋಜಿ ಇಗರಾಶಿ ತಮ್ಮ ಸ್ಫೂರ್ತಿಯೆಂದು ಹೆಸರಿಸಿದ್ದು ನಿಂಟೆಂಡೊ ಕಂಪನಿಯ ‘ಜೆಲ್ಡಾ’ ಆಟವನ್ನು. ಹಿಂದೆ ಮುಂದೆ ಅಲೆದು ದಾರಿ ಬಿಡಿಸಿಕೊಳ್ಳುವ ಆಟವನ್ನು ಅದೇ ನಿಂಟೆಂಡೊದ ‘ಮೆಟ್ರಾಯ್ಡ್’ 1986ರಲ್ಲೇ ತೋರಿಸಿಕೊಟ್ಟಿತ್ತು. ಸ್ವತಃ ಕೊನಾಮಿಯೇ 1989ರ ಮೂರನೆಯ ಭಾಗದಲ್ಲಿ ಊರು, ಅಂಗಡಿ, ಹಗಲುರಾತ್ರಿಗಳನ್ನು ಬಿಟ್ಟು ಹಂತಗಳ ಆಟಕ್ಕೆ ಮರಳಿತು.

ಈ ಆಟವನ್ನು ಪ್ರೀತಿಸುವವರು ಅದಕ್ಕೆ ಏನು ಮಾಡಿದ್ದಾರೆ ಎಂಬುದನ್ನೂ ನೋಡಿ. ಮಾತುಗಳನ್ನು ಹೊಸದಾಗಿ ಅನುವಾದಿಸಿದ್ದಾರೆ, ರಾತ್ರಿಯ ಆ ನಿಧಾನದ ಸಾಲನ್ನು ಚುರುಕುಗೊಳಿಸಿದ್ದಾರೆ. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಯಾಕೆಂದರೆ ಎಲ್ಲಿ ಕೆಟ್ಟಿದೆ ಎಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ 2019ರ ‘ಆನಿವರ್ಸರಿ ಕಲೆಕ್ಷನ್’ ಕೊಂಡ ಹೊಸಬನಿಗೆ ಸಿಗುವುದು ತಿದ್ದಿದ ಆಟವಲ್ಲ, ಹಳೆಯದೇ. ಅದೇ ಸಂಗ್ರಹದಲ್ಲಿ ಮೊದಲನೆಯದೂ ಮೂರನೆಯದೂ ಇವೆ. ಅವನು ಅವುಗಳಿಂದ ಶುರುಮಾಡಲಿ. ಎರಡನೆಯದನ್ನು ತೆರೆಯಲೇಬೇಕು ಎನಿಸಿದರೆ ನಕ್ಷೆಯನ್ನೂ ಸುಳಿವುಗಳ ಪಟ್ಟಿಯನ್ನೂ ಮೊದಲೇ ಪಕ್ಕದಲ್ಲಿಟ್ಟುಕೊಳ್ಳಲಿ.