ಸ್ಪ್ಯಾನರ್ ಗುರುತಿನ ಕಿಂಡಿ

ಹೊಸ ಸರ್ವರ್ ರ‍್ಯಾಕ್ ಏರಿದ ಕೂಡಲೇ ಬೆರಳು ತಾನಾಗಿ ಪವರ್ ಬಟನ್ ಕಡೆ ಹೋಗುತ್ತದೆ. ಫ್ಯಾನ್‌ಗಳು ಭೋರ್ಗರೆಯುತ್ತವೆ, ಪಕ್ಕದವರ ಮಾತು ಕೇಳಿಸುವುದಿಲ್ಲ, ಕೆಲಸ ಮಾತ್ರ ಇನ್ನೂ ಶುರುವಾಗಿರುವುದಿಲ್ಲ. ಡೆಲ್ ಪವರ್‌ಎಡ್ಜ್‌ನ ಮೊದಲ ಸೆಟಪ್‌ಗೆ ಈ ಗದ್ದಲ ಬೇಕಿಲ್ಲ. ಪವರ್ ಕಾರ್ಡ್ ಚುಚ್ಚಿದರೆ ಸಾಕು, ಸರ್ವರ್ ಮಲಗಿದ್ದರೂ ಒಳಗಿದ್ದು ಅದನ್ನು ನಿಭಾಯಿಸುವ ಐಡ್ರ್ಯಾಕ್ ಎಂಬ ಪುಟ್ಟ ಕಂಪ್ಯೂಟರ್ ಎದ್ದು ಕೂರುತ್ತದೆ. ಅದಕ್ಕೆ ಒಂದೆರಡು ನಿಮಿಷ ಬೇಕು. ಅಷ್ಟೂ ತಾಳದೆ ಕಾರ್ಡ್ ಕಿತ್ತು ಚುಚ್ಚುವ ಮಹನೀಯರು ಅದನ್ನು ಪ್ರತಿ ಸಲವೂ ಮೊದಲಿನಿಂದ ಎಬ್ಬಿಸುತ್ತಿರುತ್ತಾರೆ.

ಹಿಂಬದಿಯಲ್ಲಿ ನೆಟ್‌ವರ್ಕ್ ಕೇಬಲ್ ಚುಚ್ಚುವ ಆರ್‌ಜೆ-45 ಕಿಂಡಿಗಳೆಲ್ಲ ನೋಡಲು ಒಂದೇ ಥರ. ಲ್ಯಾಪ್‌ಟಾಪ್‌ನಿಂದ ಕೇಬಲ್ ಎಳೆಯಲು ಬೇಕಾದದ್ದು ಐಡ್ರ್ಯಾಕ್‌ನದು ಮಾತ್ರ. ಸರ್ವರ್ ಓಡುತ್ತಿದ್ದರೆ ಡೇಟಾ ಪೋರ್ಟ್‌ಗೆ ಚುಚ್ಚಿದರೂ ದೀಪ ಹಸಿರಾಗಿ ಹೊಳೆದು ಆಸೆ ಹುಟ್ಟಿಸುತ್ತದೆ. ‘ಇದ್ದೀಯಾ?’ ಎಂದು ಕೇಳುವ ಪಿಂಗ್‌ಗೆ ಉತ್ತರ ಬರುವುದಿಲ್ಲ, ಅಷ್ಟೇ.

ಕಿಂಡಿ ಸರಿಯಾಗಿ ಸಿಕ್ಕಿತೆನ್ನಿ. ನೆಟ್‌ವರ್ಕ್‌ನಿಂದ ವಿಳಾಸ ತಾನಾಗಿ ಪಡೆಯುವ ಡಿಎಚ್‌ಸಿಪಿ ಬೇಕೆಂದು ಆರ್ಡರ್‌ನಲ್ಲೇ ಹೇಳಿರದಿದ್ದರೆ ಐಡ್ರ್ಯಾಕ್‌ನ ವಿಳಾಸ 192.168.0.120. ಲ್ಯಾಪ್‌ಟಾಪ್‌ನ ಲ್ಯಾನ್‌ಗೆ ಕೈಯಾರೆ 192.168.0.10, ಮಾಸ್ಕ್ 255.255.255.0 ಕೊಡಿ, ಗೇಟ್‌ವೇ ಖಾಲಿ ಬಿಡಿ, ಬ್ರೌಸರ್‌ನಲ್ಲಿ ಐಡ್ರ್ಯಾಕ್‌ನ ವಿಳಾಸ ತೆರೆಯಿರಿ. ವೈಫೈ ಬಂದ್ ಮಾಡುವುದನ್ನು ಮರೆತಿರೋ, ಫಜೀತಿ. ಆಫೀಸಿನ ರೂಟರ್ ಕೂಡ 192.168.0 ಸಾಲಿನದೇ ಆಗಿದ್ದರೆ ನಿಮ್ಮ ಕೋರಿಕೆ ಗಾಳಿಯಲ್ಲೇ ಹೋಗಿ, ಬ್ರೌಸರ್‌ನಲ್ಲಿ ಯಾವುದೋ ಪ್ರಿಂಟರ್ ಟೋನರ್ ಮುಗಿಯಿತೆಂದು ಗೋಳಾಡಬಹುದು.

ಇದಕ್ಕಿಂತ ಮುಂಭಾಗದ ದಾರಿ ಹಗುರ. 14ನೇ ಪೀಳಿಗೆಯ ಸರ್ವರ್‌ಗಳಲ್ಲಿ ಸ್ಪ್ಯಾನರ್ ಗುರುತಿನ ಮೈಕ್ರೋ ಯುಎಸ್‌ಬಿ ಕಿಂಡಿ ಇದೆ. ಲ್ಯಾಪ್‌ಟಾಪ್‌ಗೆ ವಿಳಾಸ ತಾನಾಗಿ ಸಿಗುತ್ತದೆ, ಬ್ರೌಸರ್‌ನಲ್ಲಿ ಎಚ್‌ಟಿಟಿಪಿಎಸ್ ಹಾಕಿ 169.254.0.3 ತೆರೆದರಾಯಿತು. ತೊಂದರೆ ಕೊಡುವುದು ಡ್ರಾಯರ್‌ನಲ್ಲಿ ಸಿಗುವ ಕೇಬಲ್. ಬ್ಲೂಟೂತ್ ಸ್ಪೀಕರ್ ಜೊತೆ ಬಂದದ್ದರಲ್ಲಿ ಚಾರ್ಜಿಂಗ್ ತಂತಿಗಳು ಮಾತ್ರ ಇದ್ದು ಡೇಟಾ ತಂತಿಯೇ ಇಲ್ಲದಿರಬಹುದು. ಅದನ್ನು ಎಷ್ಟು ಒತ್ತಿ ಚುಚ್ಚಿದರೂ ಲ್ಯಾಪ್‌ಟಾಪ್ ‘ಟಿಣ್’ ಎನ್ನುವುದಿಲ್ಲ. ಮೂರಡಿ ಮೀರದ ಡೇಟಾ ಕೇಬಲ್ ತನ್ನಿ. ಇಲ್ಲೂ ವೈಫೈ, ಲ್ಯಾನ್ ಎರಡೂ ಬಂದ್ ಇರಲಿ. ಡಿಎಚ್‌ಸಿಪಿ ಸಿಗದ ಲ್ಯಾನ್ ಕಾರ್ಡ್ ತಾನೂ 169.254 ವಿಳಾಸವನ್ನೇ ಹಾಕಿಕೊಂಡು ಅಡ್ಡ ಬರುತ್ತದೆ.

ಪುಟ ಅಸಲಿ ಎಂದು ಸಾರುವ ಸರ್ಟಿಫಿಕೇಟ್ ಬಗ್ಗೆ ಬ್ರೌಸರ್ ಕೆಂಪಾಗಿ ಕಿರುಚುತ್ತದೆ. ಸರ್ವರ್ ತನಗೆ ತಾನೇ ಸಹಿ ಮಾಡಿಕೊಂಡ ಸರ್ಟಿಫಿಕೇಟ್ ಅದು, ಈ ಒಂದು ಸಲ ಮುಂದುವರಿಯಬಹುದು.

ಹಳೆಯ ಯಂತ್ರಗಳಲ್ಲಿ ಬಳಕೆದಾರ ರೂಟ್, ಪಾಸ್‌ವರ್ಡ್ ಕ್ಯಾಲ್ವಿನ್. ಊರಿಗೆಲ್ಲ ಗೊತ್ತಿದ್ದ ಗುಟ್ಟು. ಈಗ ಸಾಮಾನ್ಯವಾಗಿ ಒಂದೊಂದಕ್ಕೂ ಬೇರೆ ಪಾಸ್‌ವರ್ಡ್. ಮುಂಭಾಗದಲ್ಲಿ ಎಳೆದರೆ ಹೊರಬರುವ ಪಟ್ಟಿಯ ಮೇಲೆ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ ಇರುತ್ತದೆ. ರ‍್ಯಾಕ್‌ಗೆ ಏರಿಸುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ, ಕತ್ತು ಉಳಿಯುತ್ತದೆ. (ಲೆನೊವೊ ಸರ್ವರ್‌ನ ಮೊದಲ ಪಾಸ್‌ವರ್ಡ್ ‘ಪಾಸ್‌ವರ್ಡ್’ ಎಂಬುದೇ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹೊಡೆಯಬೇಕು, ‘ಓ’ ಇರಬೇಕಾದ ಜಾಗದಲ್ಲಿ ಸೊನ್ನೆ!)

ಒಳಗೆ ಹೋದ ಮೇಲೆ ಐಡ್ರ್ಯಾಕ್‌ನ ಐಪಿ ವಿಳಾಸ ಬದಲಿಸಿ ಅಪ್ಲೈ ಒತ್ತಿದಾಗ ಪುಟ ಸುತ್ತುತ್ತಲೇ ಇದ್ದರೆ ಗಾಬರಿ ಬೇಡ. ಹಿಂಬದಿಯಿಂದ ಬಂದವರು ಕೂತ ಕೊಂಬೆಯನ್ನೇ ಕಡಿದಿರುತ್ತಾರೆ: ಹಳೆಯ ವಿಳಾಸದಲ್ಲಿ ಈಗ ಯಾರೂ ಇಲ್ಲ. ಮುಂದಿನ ಯುಎಸ್‌ಬಿಯಿಂದ ಬಂದವರಿಗೆ ಈ ಕಾಟವಿಲ್ಲ, ಅದರ ವಿಳಾಸ ಬೇರೆಯದೇ.

ಹೊರಡುವ ಮುನ್ನ ಲ್ಯಾಪ್‌ಟಾಪ್‌ನ ಲ್ಯಾನ್ ಅನ್ನು ಮತ್ತೆ ಡಿಎಚ್‌ಸಿಪಿಗೆ ತನ್ನಿ. ಮರುದಿನ ‘ಲ್ಯಾನ್‌ನಲ್ಲಿ ನೆಟ್ ಬರುತ್ತಿಲ್ಲ’ ಎಂದು ಹೆಲ್ಪ್‌ಡೆಸ್ಕ್‌ನ ಹುಡುಗನ ಮೇಲೆ ರೇಗಿ, ಆತ ಸೆಟ್ಟಿಂಗ್ ತೆರೆದು ಎಲ್ಲರೆದುರು 192.168.0.10 ಎಂದು ಗಟ್ಟಿಯಾಗಿ ಓದುವುದು ತಪ್ಪುತ್ತದೆ.