ಬೇವಿನ ಹಿಂಡಿಯ ಮಹಾಪ್ರಕರಣ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಸಾಮೂಹಿಕ ಕೈತೋಟ ಎಂಬ ಪವಿತ್ರ ಸಂಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಬಲ್ಲವರಿಗೆ ನಮ್ಮ ನಿವಾಸಿಗಳ ಸಂಘದ ಇತ್ತೀಚಿನ ಪ್ರಕಟಣೆಯಿಂದ ಅಚ್ಚರಿಯೇನೂ ಆಗಲಾರದು. ತೋಟದ ಶೆಡ್ಡಿನಿಂದ ಗಿಡಗಳಿಗೆ ಗೊಬ್ಬರವಾಗಿ ಹಾಕುವ ಬೇವಿನ ಹಿಂಡಿಯ ಒಂದು ಚೀಲ, ತೆಂಗಿನ ನಾರಿನ ಪುಡಿಯನ್ನು ಒತ್ತಿ ಮಾಡಿದ ಕೋಕೋಪೀಟಿನ ಎರಡು ಇಟ್ಟಿಗೆ, ಕೊಂಬೆ ಸವರುವ ಒಂದು ಕತ್ತರಿ ಹಾಗೂ ಹಸಿರು ಬಣ್ಣದ ನೀರಿನ ಪೈಪಿನಲ್ಲಿ ಸುಮಾರು ಮೂರು ಮೀಟರ್ ಕಾಣೆಯಾಗಿವೆಯೆಂದೂ, ಈ ಕೃತ್ಯದ ಹಿಂದೆ ತೋಟ ಮಾಡುವ ನಿವಾಸಿಗಳ ಬಳಗದವರೇ ಒಬ್ಬರು ಇರುವರೆಂಬ ಬಲವಾದ ಶಂಕೆ ಸಮಿತಿಗೆ ಇದೆಯೆಂದೂ, ಅವರು ತಾವಾಗಿಯೇ ಮುಂದೆ ಬಂದರೆ ಹೆಸರನ್ನು ಗೋಪ್ಯವಾಗಿ ಇಡಲಾಗುವುದೆಂದೂ ಪ್ರಕಟಣೆ ತಿಳಿಸಿದೆ. ಪೈಪಿನ ವಿಷಯದಲ್ಲಿ ಮಾತ್ರ ನನಗೆ ಆ ಅಜ್ಞಾತ ವ್ಯಕ್ತಿಯ ಮೇಲೆ ಗೌರವ ಹುಟ್ಟಿದೆ. ತನಗೆ ಬೇಕಾದಷ್ಟನ್ನೇ ಅಳೆದು, ನೇರವಾಗಿ ಕತ್ತರಿಸಿಕೊಂಡು, ಉಳಿದದ್ದನ್ನು ನೀಟಾಗಿ ಸುರುಳಿ ಸುತ್ತಿ ಮೊಳೆಗೆ ನೇತುಹಾಕಿ ಹೋಗುವ ಮನುಷ್ಯ ನಮ್ಮ ಸಮಿತಿಯ ಬಹುಪಾಲು ಸದಸ್ಯರಿಗಿಂತ ಶಿಸ್ತಿನವನು. ಅವನನ್ನು ಹಿಡಿದು ಕಾರ್ಯದರ್ಶಿ ಮಾಡಬೇಕೇ ಹೊರತು ಶಿಕ್ಷಿಸಬಾರದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಕಟ್ಟಿದ ಪುಣ್ಯಾತ್ಮನಿಗೆ ವಾಟ್ಸ್‌ಆ್ಯಪ್ ಗುಂಪಿನ ಅನುಭವ ಇರಲಿಲ್ಲ. ಇಲ್ಲಿ ಹೆಗಲು ಮುಟ್ಟಿಕೊಂಡವನ ಮೇಲೆ ಇರುವಷ್ಟೇ ಅನುಮಾನ ಮುಟ್ಟಿಕೊಳ್ಳದವನ ಮೇಲೂ ಇರುತ್ತದೆ. ಪ್ರಕಟಣೆ ಹೊರಬಿದ್ದ ಸಂಜೆಯೇ ಒಬ್ಬ ಸಜ್ಜನರು ಯಾರೂ ಕೇಳದಿದ್ದರೂ ತಾವು ನರ್ಸರಿಯಿಂದ ಬೇವಿನ ಹಿಂಡಿ ಕೊಂಡ ರಸೀದಿಯ ಫೋಟೋ ಹಾಕಿದರು. ರಸೀದಿಯ ದಿನಾಂಕ ಕಳವಿನ ಮರುದಿನದ್ದೆಂದು ಇನ್ನೊಬ್ಬ ಸಜ್ಜನರು ಗುರುತಿಸಿದರು. ಮೂರನೆಯ ಮಹಡಿಯ ಒಬ್ಬ ಮಹಿಳೆ ತಾವು ಹಿಂಡಿಯನ್ನೇ ಬಳಸುವುದಿಲ್ಲ, ಬರೀ ಮನೆಯ ಮಜ್ಜಿಗೆ ಸಿಂಪಡಿಸುವುದು ಎಂದು ಸಾಬೀತುಪಡಿಸಲು ತಮ್ಮ ಬಾಲ್ಕನಿಯ ಬದನೆ ಗಿಡದ ಚಿತ್ರ ಹಾಕಿದರು. ದುರದೃಷ್ಟವಶಾತ್ ಗಿಡ ಬಹಳ ಸೊಂಪಾಗಿತ್ತು. "ಮಜ್ಜಿಗೆಗೆ ಇಷ್ಟು ಬರುತ್ತಾ ಆಂಟಿ?" ಎಂಬ ಒಂದೇ ಒಂದು ಪ್ರಶ್ನೆ ಸಾಕಾಯಿತು. ಈಗ ಯಾರ ಗಿಡ ಚೆನ್ನಾಗಿದೆಯೋ ಅವರೇ ಆರೋಪಿ ಎಂಬ ತತ್ತ್ವ ಸ್ಥಾಪಿತವಾಗಿರುವುದರಿಂದ, ಮರ್ಯಾದಸ್ಥರು ತಮ್ಮ ಗಿಡಗಳನ್ನು ಸ್ವಲ್ಪ ಬಾಡಿಸಿಯೇ ಇಟ್ಟುಕೊಂಡಿದ್ದಾರೆ.

ತನಿಖೆಯ ವೈಜ್ಞಾನಿಕ ಮುಖವೂ ಒಂದಿದೆ. ಬೇವಿನ ಹಿಂಡಿಗೆ ಒಂದು ಕಮಟು ವಾಸನೆ ಇರುತ್ತದೆಂಬುದು ಅದನ್ನು ಕೈಯಿಂದ ಮುಟ್ಟಿದವರಿಗೆಲ್ಲ ಗೊತ್ತು. ಸೋಪು ಹಾಕಿ ತೊಳೆದರೂ ರಾತ್ರಿ ಅನ್ನ ಕಲಸುವಾಗ ಅದು ಮತ್ತೆ ಮೂಗಿಗೆ ತಟ್ಟುತ್ತದೆ. ಆ ವಾಸನೆ ಬೆಳಿಗ್ಗೆ ಎರಡನೆಯ ಲಿಫ್ಟಿನಲ್ಲಿ ಇತ್ತೆಂದೂ, ನಾಲ್ಕನೆಯ ಮಹಡಿಯ ನಂತರ ಇರಲಿಲ್ಲವೆಂದೂ ನಿವೃತ್ತ ಅಧಿಕಾರಿಯೊಬ್ಬರು ಲಿಖಿತ ಹೇಳಿಕೆ ಕೊಟ್ಟಿದ್ದಾರೆ. ಒಂದೇ ಪೆಟ್ಟಿಗೆ ಎಲ್ಲ ಮಹಡಿಗಳಿಗೂ ಹೋಗುವಾಗ ವಾಸನೆ ಮಾತ್ರ ನಾಲ್ಕನೆಯದರಲ್ಲಿ ಇಳಿದು ಹೋದದ್ದು ಹೇಗೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ, ಏಕೆಂದರೆ ಕೇಳಿದವರ ಮಹಡಿ ಯಾವುದೆಂಬ ಪ್ರಶ್ನೆ ತಕ್ಷಣ ಏಳುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಬರೆಯುತ್ತಿರಲಿಲ್ಲ. ಕಾಣೆಯಾದ ವಸ್ತುಗಳ ಪಟ್ಟಿಗೆ ಈಗ ಕಾಂಪೋಸ್ಟ್ ಸೇರಿದೆ. ಸಮಿತಿಗೆ ಹೊಸದಾಗಿ ಬಂದ ಖಜಾಂಚಿಯವರು ವೃತ್ತಿಯಿಂದ ಲೆಕ್ಕಪರಿಶೋಧಕರು. ತೂಕದ ಯಂತ್ರವೊಂದನ್ನು ತರಿಸಿ, ಗೊಬ್ಬರದ ತೊಟ್ಟಿಗೆ ಹೋಗುವ ಹಸಿ ಕಸವನ್ನೂ ಹೊರಬರುವ ಗೊಬ್ಬರವನ್ನೂ ಪುಸ್ತಕದಲ್ಲಿ ಬರೆಯಿಸಿದರು. ನೂರು ಕಿಲೋ ಕಸ ಒಳಗೆ ಹೋದದ್ದಕ್ಕೆ ಪುರಾವೆ ಇತ್ತು. ಎರಡು ತಿಂಗಳ ಬಳಿಕ ಹೊರಗೆ ಬಂದದ್ದು ಇಪ್ಪತ್ತು ಕಿಲೋ. ಉಳಿದ ಎಂಬತ್ತು ಕಿಲೋ ಎಲ್ಲಿ ಹೋಯಿತು? ಸೋರೆಕಾಯಿ ಸಿಪ್ಪೆಯಲ್ಲಿ, ಕಲ್ಲಂಗಡಿ ತೊಗಟೆಯಲ್ಲಿ, ಉಳಿದ ಸಾರಿನಲ್ಲಿ ಇರುವುದು ಬಹುಪಾಲು ನೀರು. ಅದು ಆವಿಯಾಗಿ ಹೋಗುತ್ತದೆ. ಮಿಕ್ಕದ್ದರಲ್ಲಿ ಒಂದಷ್ಟನ್ನು ಸೂಕ್ಷ್ಮಜೀವಿಗಳು ತಿಂದು ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಬಿಡುತ್ತವೆ. ರಾಶಿಗೆ ಕೈ ಇಟ್ಟರೆ ಸುಡುವಷ್ಟು ಬಿಸಿಯಾಗುವುದು ಅವುಗಳ ಈ ಊಟದಿಂದಲೇ. ಇದನ್ನು ನಾವು ಕೆಲವರು ಸಭೆಯಲ್ಲಿ ವಿನಯಪೂರ್ವಕವಾಗಿ ವಿವರಿಸಿದೆವು. ಖಜಾಂಚಿಯವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಆವಿಗೆ ವೋಚರ್ ಇದೆಯೇ?" ಎಂದರು. ನಡಾವಳಿಯಲ್ಲಿ ಈ ಎಂಬತ್ತು ಕಿಲೋ 'ವಿವರಣೆ ದೊರೆಯದ ಕೊರತೆ' ಎಂದು ದಾಖಲಾಗಿದೆ, ಬ್ಯಾಕ್ಟೀರಿಯಾಗಳು ಸಂಘದ ಸದಸ್ಯರಲ್ಲವಾದ್ದರಿಂದ ಅವುಗಳಿಗೆ ನೋಟಿಸು ಕೊಡಲಾಗಿಲ್ಲ.

ಈ ಗೊಬ್ಬರದ ಪೂರ್ವಚರಿತ್ರೆಯನ್ನು ಬಲ್ಲವರು ಇನ್ನೂ ಹೆಚ್ಚು ನಗಬಹುದು. ಐದು ಸಾವಿರ ಚದರ ಮೀಟರ್ ಮೀರಿದ ವಸತಿ ಸಮುಚ್ಚಯಗಳು ತಮ್ಮ ಹಸಿ ಕಸವನ್ನು ಸಾಧ್ಯವಾದಷ್ಟೂ ತಮ್ಮ ಆವರಣದಲ್ಲೇ ಗೊಬ್ಬರ ಮಾಡಿಕೊಳ್ಳಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದಾಗ ನಮ್ಮವರು ಆಕಾಶ ಭೂಮಿ ಒಂದು ಮಾಡಿದ್ದರು. ತೊಟ್ಟಿ ತಮ್ಮ ಕಿಟಕಿಯ ಕೆಳಗೆ ಬೇಡ ಎಂದು ಎ ಬ್ಲಾಕಿನವರು, ತಮ್ಮ ಕಡೆಗಂತೂ ಬೇಡವೇ ಬೇಡ ಎಂದು ಬಿ ಬ್ಲಾಕಿನವರು. ಹಸಿ, ಒಣ ಎಂದು ಬೇರ್ಪಡಿಸುವುದು ಮನೆಕೆಲಸದವಳ ಕೆಲಸವೆಂದು ಎಲ್ಲರೂ. ಆಗ ಅದು ಕಸವಾಗಿತ್ತು, ಅದಕ್ಕೆ ದಿಕ್ಕಿರಲಿಲ್ಲ. ಅದೇ ವಸ್ತು ಕಪ್ಪಾಗಿ, ಪುಡಿಯಾಗಿ, ಮೊದಲ ಮಳೆಯ ಮಣ್ಣಿನ ವಾಸನೆ ಬೀರತೊಡಗಿದ ಕ್ಷಣದಲ್ಲಿ ಸಾಮೂಹಿಕ ಸಂಪತ್ತಾಯಿತು, ಅದಕ್ಕೆ ಬೀಗ ಬಂತು. ಗಿಡಗಳಿಗೆ ಹಾಕುವ ದ್ರವಗೊಬ್ಬರವಾದ ಜೀವಾಮೃತದ್ದೂ ಇದೇ ಕಥೆ. 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಒಂದಷ್ಟು ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ಕಡಲೆ ಹಿಟ್ಟು, ಒಂದು ಹಿಡಿ ಮಣ್ಣು. ಇವುಗಳಲ್ಲಿ ಶೆಡ್ಡಿನಿಂದ ಇದುವರೆಗೆ ಮಾಯವಾಗಿರುವುದು ಬೆಲ್ಲ ಮತ್ತು ಕಡಲೆ ಹಿಟ್ಟು ಮಾತ್ರ. ಸಗಣಿಯನ್ನು ಯಾರೂ ಕದ್ದಿಲ್ಲ. ನಮ್ಮ ಕಳ್ಳ ಸಸ್ಯಪ್ರೇಮಿಯೋ ಹೋಳಿಗೆಪ್ರೇಮಿಯೋ ಎಂಬ ಬಗ್ಗೆ ಉಪಸಮಿತಿ ಇನ್ನೂ ವರದಿ ನೀಡಿಲ್ಲ.

ಹಾಗೆ ನೋಡಿದರೆ ತೋಟದ ಕಳವು ನಮ್ಮಲ್ಲಿ ಎಂದೂ ಹೀನವೆನಿಸಿದ್ದಲ್ಲ. ಸತ್ಯಭಾಮೆಯ ಮುನಿಸು ತಣಿಸಲು ಸಾಕ್ಷಾತ್ ಶ್ರೀಕೃಷ್ಣನೇ ಇಂದ್ರನ ನಂದನವನದಿಂದ ಪಾರಿಜಾತವನ್ನು ಬೇರುಸಹಿತ ಕಿತ್ತು ತಂದವನು. ಆ ನಂದನವನವೂ ದೇವತೆಗಳ ಸಾಮೂಹಿಕ ತೋಟವೇ ಆಗಿತ್ತೆಂದು ನನ್ನ ಭಾವನೆ, ಇಲ್ಲದಿದ್ದರೆ ಅಷ್ಟು ದೊಡ್ಡ ಜಗಳ ಆಗುತ್ತಿರಲಿಲ್ಲ. ಮನಿ ಪ್ಲಾಂಟನ್ನು ಕೊಂಡು ತಂದರೆ ಹಣ ಬರುವುದಿಲ್ಲ, ಕದ್ದು ತಂದು ನೆಟ್ಟರೇ ಬರುವುದು ಎಂಬ ಅರ್ಥಶಾಸ್ತ್ರವನ್ನು ನಂಬಿದ ಸುಶಿಕ್ಷಿತರು ಪ್ರತಿಯೊಂದು ಬೀದಿಯಲ್ಲೂ ಇದ್ದಾರೆ. ಇನ್ನು ಬೆಳಗಿನ ವಾಯುವಿಹಾರಿಗಳ ವಿಷಯ ಹೇಳಲೇಬೇಕಾಗಿಲ್ಲ. ಜಯನಗರದಲ್ಲಾಗಲಿ ಮಲ್ಲೇಶ್ವರದಲ್ಲಾಗಲಿ, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ತುದಿಗೆ ಕೊಕ್ಕೆ ಕಟ್ಟಿದ ಕೋಲು ಹಿಡಿದು, ಬಾಯಲ್ಲಿ ಸಹಸ್ರನಾಮ ಹೇಳಿಕೊಳ್ಳುತ್ತ, ಪರರ ಕಾಂಪೌಂಡಿನ ದಾಸವಾಳವನ್ನೂ ಕಣಗಿಲೆಯನ್ನೂ ಬೋಳಿಸಿಕೊಂಡು ಹೋಗುವ ಹಿರಿಯರನ್ನು ತಡೆದು ನಿಲ್ಲಿಸಿ ನೋಡಿ. "ದೇವರಿಗಮ್ಮಾ" ಎನ್ನುತ್ತಾರೆ. ಹೂವಿನ ಮೂಲವನ್ನು ವಿಚಾರಿಸದೆ ಸ್ವೀಕರಿಸುವ ದೇವರ ಔದಾರ್ಯ ದೊಡ್ಡದು. ಗುರುಗ್ರಾಮದಲ್ಲಿ 2023ರ ಫೆಬ್ರುವರಿ ಕೊನೆಯಲ್ಲಿ ಜಿ-20 ಸಭೆಗಾಗಿ ರಸ್ತೆಬದಿ ಅಲಂಕರಿಸಿದ್ದ ಹೂಕುಂಡಗಳನ್ನು ದುಬಾರಿ ಕಾರಿಗೆ ತುಂಬಿಕೊಂಡು ಹೋದವರ ವಿಡಿಯೊವನ್ನು ದೇಶವೆಲ್ಲ ನೋಡಿ ನಕ್ಕಿತಷ್ಟೆ. ನಾನೂ ನಕ್ಕೆ. ಆದರೆ ಆ ಕಾರಿನ ಬೆಲೆಗೆ ಎಷ್ಟು ಕುಂಡ ಬರುತ್ತಿತ್ತು ಎಂದು ಲೆಕ್ಕ ಹಾಕಿದವರು ಒಂದು ಸೂಕ್ಷ್ಮವನ್ನು ಮರೆತರು: ಕೊಂಡ ಕುಂಡದಲ್ಲಿ ಆ ಸುಖವಿಲ್ಲ.

ಕಾನೂನು ಏನು ಹೇಳುತ್ತದೆಂದು ನಮ್ಮಲ್ಲಿನ ವಕೀಲರೊಬ್ಬರು ಸಭೆಗೆ ಓದಿ ಹೇಳಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಅಪರಾಧಿಯಾದವನು ಮಾಲನ್ನೋ ಅದರ ಬೆಲೆಯನ್ನೋ ಮರಳಿಸಿದರೆ ಅವನಿಗೆ ವಿಧಿಸುವ ಶಿಕ್ಷೆ ಸಮುದಾಯ ಸೇವೆ. ಸಭೆ ಒಂದು ಗಳಿಗೆ ಮೌನವಾಯಿತು. ನಮ್ಮ ತೋಟದ ಭಾನುವಾರದ ಶ್ರಮದಾನದ ಪಟ್ಟಿಯಲ್ಲಿ ಅರವತ್ತು ಹೆಸರುಗಳಿವೆ, ಕಳೆ ಕೀಳಲು ಬರುವವರು ಮೂವರು. ಕಳ್ಳ ಸಿಕ್ಕಿ, ಪೊಲೀಸರು ಪ್ರಕರಣ ದಾಖಲಿಸಿ, ನ್ಯಾಯಾಲಯ ತೀರ್ಪಿತ್ತರೆ ನಾಲ್ಕನೆಯವನು ಬಂದಂತಾಗುತ್ತದೆ. ಕಳ್ಳ ಆ ಮೂವರಲ್ಲೇ ಒಬ್ಬನಾಗಿದ್ದರೆ ಅದೂ ಇಲ್ಲ.

ಸಮಿತಿ ಕೊನೆಗೆ ಕ್ಯಾಮೆರಾ ಹಾಕಿಸಿತು. ಕಳುವಾದ ಸಮಸ್ತ ಸಾಮಗ್ರಿಯ ಬೆಲೆಯ ಹಲವು ಪಟ್ಟು ಹಣ ಅದಕ್ಕೆ ಖರ್ಚಾಗಿದೆ. ಈವರೆಗೆ ಅದರಲ್ಲಿ ಸೆರೆಯಾಗಿರುವುದು ಒಂದು ಹೆಗ್ಗಣ, ಎರಡು ಬೆಕ್ಕು ಮತ್ತು ಕ್ಯಾಮೆರಾ ಕೆಲಸ ಮಾಡುತ್ತಿದೆಯೇ ಎಂದು ದಿನವೂ ಬಂದು ಇಣುಕಿ ನೋಡುವ ಅಧ್ಯಕ್ಷರ ಮುಖ.

ಇಲ್ಲಿಯವರೆಗೆ ತಮಾಷೆ. ಆದರೆ ಈ ಪ್ರಕರಣದಲ್ಲಿ ನಿಜವಾಗಿ ಶೋಧನೆಗೆ ಒಳಗಾದದ್ದು ಯಾರ ಮನೆಯೂ ಅಲ್ಲ, ಯಾರ ಬಾಲ್ಕನಿಯೂ ಅಲ್ಲ. ಮಾಲಿಯ ಊಟದ ಚೀಲ. "ನಮ್ಮಲ್ಲೇ ಒಬ್ಬರು" ಎಂದು ಪ್ರಕಟಣೆಯಲ್ಲಿ ಬರೆದ ಅದೇ ಸಮಿತಿ, ಅಂದೇ ಸಂಜೆ ಗೇಟಿನಲ್ಲಿ ಸೆಕ್ಯುರಿಟಿಯವರಿಗೆ ಹೇಳಿ ಆ ಚೀಲವನ್ನು ತೆಗೆಸಿತು. ಆತ ಅರವತ್ತರ ಹತ್ತಿರದ ಮನುಷ್ಯ. ಚೀಲದಲ್ಲಿ ಖಾಲಿ ಟಿಫಿನ್ ಡಬ್ಬಿ, ಮಡಿಸಿದ ಒಂದು ಟವೆಲ್, ಒಂದು ಮಾತ್ರೆಯ ಪಟ್ಟಿ ಇತ್ತು. ಡಬ್ಬಿಯ ಮುಚ್ಚಳವನ್ನೂ ತೆರೆಯಿಸಿ ನೋಡಿದರು. ಬೇವಿನ ಹಿಂಡಿಯ ಚೀಲವೊಂದು ಟಿಫಿನ್ ಡಬ್ಬಿಯೊಳಗೆ ಹಿಡಿಯುವುದಿಲ್ಲ ಎಂಬುದು ಎಂಜಿನಿಯರುಗಳೇ ತುಂಬಿರುವ ನಮ್ಮ ಸಮುಚ್ಚಯದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮುಚ್ಚಳ ಹಾಕಿ, "ಆಯ್ತಾ ಸಾರ್?" ಎಂದು ಕೇಳಿ ಅವರು ಹೋದರು. ಅವರ ಮನೆಗೆ ತೋಟವೇ ಇಲ್ಲ. ಹಿಂಡಿ ತೆಗೆದುಕೊಂಡು ಹೋಗಿ ಯಾವ ಗಿಡಕ್ಕೆ ಹಾಕುತ್ತಾರೆ? ಹಿಂಡಿ ಬೇಕಾಗಿದ್ದವರು ಯಾರು, ಯಾರ ಬಾಲ್ಕನಿಯಲ್ಲಿ ಕುಂಡಗಳ ಸಾಲಿದೆ, ಶೆಡ್ಡಿನ ಬೀಗದ ಸಂಖ್ಯೆ ಯಾರ ಯಾರಿಗೆ ಗೊತ್ತು ಎಂಬುದೆಲ್ಲ ಎಲ್ಲರಿಗೂ ತಿಳಿದಿದ್ದ ಸಂಗತಿ. ಆ ಮನೆಗಳ ಗಂಟೆ ಒತ್ತಲು ಸಂಕೋಚವಾಗುತ್ತದೆ, ನಾಳೆ ಲಿಫ್ಟಿನಲ್ಲಿ ಮುಖ ನೋಡಬೇಕಲ್ಲ. ಮಾಲಿಯ ಮುಖವನ್ನು ನೋಡಬೇಕಾಗಿಲ್ಲ, ಅವರು ಹೇಗೂ ಬಗ್ಗಿ ಕೆಲಸ ಮಾಡುತ್ತಿರುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಭಾಷಣಗಳಲ್ಲಿ ಹೇಳುವ ನಾವು, ಕಿಲೋಗೆ ಹತ್ತಾರು ರೂಪಾಯಿ ಬಾಳುವ ಹಿಂಡಿಗೆ ಒಬ್ಬರ ಮಾನ ತೆಗೆದು, ಆ ಬಗ್ಗೆ ನಡಾವಳಿಯಲ್ಲಿ ಒಂದು ಸಾಲನ್ನೂ ಬರೆಯಲಿಲ್ಲ. ಇದಕ್ಕೆ ನನಗೆ ನಗು ಬರುತ್ತಿಲ್ಲ. ಇಂಥದ್ದನ್ನು ನೋಡಿ ನೋಡಿ ಸಾಕಾಗಿದೆ.

ಕತ್ತರಿ ಸಿಕ್ಕಿತು, ಹೇಳುವುದನ್ನು ಮರೆತೆ. ಸಮಿತಿಯ ಹಿರಿಯ ಸದಸ್ಯೆಯೊಬ್ಬರು ಕರಿಬೇವು ಕತ್ತರಿಸಲು ಒಯ್ದು ಅಡುಗೆಮನೆಯ ಡ್ರಾದಲ್ಲಿ ಇಟ್ಟು ಮರೆತಿದ್ದರಂತೆ. ಸಭೆ ಅವರ ಪ್ರಾಮಾಣಿಕತೆಯನ್ನು ಚಪ್ಪಾಳೆ ತಟ್ಟಿ ಶ್ಲಾಘಿಸಿತು. ಮುಂದೆ ಇಂಥ ಗೊಂದಲ ಆಗಬಾರದೆಂದು ಮಾಲಿ ತಮ್ಮ ಉಪಕರಣಗಳನ್ನು ತಾವೇ ಮನೆಯಿಂದ ತರಬೇಕು, ಬರುವಾಗಲೂ ಹೋಗುವಾಗಲೂ ಗೇಟಿನ ಪುಸ್ತಕದಲ್ಲಿ ಬರೆಯಿಸಬೇಕು ಎಂಬ ನಿಯಮವೂ ಸರ್ವಾನುಮತದಿಂದ ಅಂಗೀಕಾರವಾಗಿದೆ. ಅವರು ತಂದಿದ್ದ ಗುದ್ದಲಿ ಬಂದದ್ದಕ್ಕೆ ಪುಸ್ತಕದಲ್ಲಿ ದಾಖಲೆ ಇದೆ, ಹೋದದ್ದಕ್ಕೆ ಇಲ್ಲ. "ಅರ್ಧ ಗಂಟೆ ಕೊಡಪ್ಪ" ಎಂದು ಬಿ ಬ್ಲಾಕಿನ ಯಾರೋ ಒಬ್ಬರು ಒಯ್ದಿದ್ದಾರೆ.